ಗೌರತ್ತೆ ನೋಡಿದ ಪತ್ತೇದಾರಿ ಸಿನಿಮಾ

ಬೀರುವಿನ ಕೆಳಖಾನೆಯಲ್ಲಿ ಹಳೆಯ ಸ್ವೆಟರ್ ಹುಡುಕುತ್ತಿದ್ದೆ, ಸಿಕ್ಕಿದ್ದು ಗೌರತ್ತೆಯ ಕಪ್ಪು ಕನ್ನಡಕ. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಅರ್ಧ ಮುಖವನ್ನೇ ನುಂಗಿಹಾಕುವಂಥದ್ದು, ಅದೇ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ, ‘ಯಾವ ಬ್ಯಾಂಕಿಗೆ ಕನ್ನ ಹಾಕೋಕೆ ಹೊರಟೆ?’ ಎಂದು ಕೇಳಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟು.

ಆ ಕನ್ನಡಕ ನೋಡಿದರೆ ನನಗೆ ಆಸ್ಪತ್ರೆ ನೆನಪಾಗುವುದಿಲ್ಲ, ಒಂದು ಸಿನಿಮಾ ನೆನಪಾಗುತ್ತದೆ. ಕಥೆ ಹೇಳಿ ಅಂದರೆ ನನ್ನ ಕೈಲಿ ಪೂರ್ತಿ ಹೇಳಲಿಕ್ಕೂ ಆಗದು, ಯಾಕೆಂದರೆ ನಡುನಡುವೆ ನಾನು ನಿದ್ದೆ ಹೋಗಿದ್ದೆ. ಆದರೂ ನೋಡಿದ ಅಷ್ಟೂ ಸಿನಿಮಾಗಳಲ್ಲಿ ನಮ್ಮ ಮನೆಗೆ ಉಪಕಾರ ಮಾಡಿದ್ದು ಅದೊಂದೇ.

ಗೌರತ್ತೆ ನನ್ನ ಅಪ್ಪನ ತಂಗಿ. ಎಪ್ಪತ್ತಕ್ಕೆ ಒಂದೋ ಎರಡೋ ಕಮ್ಮಿ. ಯಳಂದೂರಿನ ಪಕ್ಕದ ನಮ್ಮ ಊರಿನಲ್ಲಿ ಹುಟ್ಟಿ, ಹನೂರಿನ ಆಚೆ ಕಾಡಿನ ಅಂಚಿನಲ್ಲಿರುವ ಹೂಗ್ಯಕ್ಕೆ ಮದುವೆಯಾಗಿ ಹೋದವಳು. ಅಲ್ಲಿ ಜೋಳದ ಹೊಲಕ್ಕೆ ಆನೆ ಬಂದರೆ ಗಂಡಸರು ಪಟಾಕಿ ಹುಡುಕುತ್ತಾರೆ; ಅತ್ತೆ ಬೇಲಿಯ ಹತ್ತಿರ ನಿಂತು, ಪಕ್ಕದ ಮನೆಯ ಎಮ್ಮೆಗೆ ಹೇಳುವ ಹಾಗೆ, ತಿಂದಿದ್ದು ಸಾಕು ಹೋಗು ಅನ್ನುತ್ತಾಳಂತೆ. ಆನೆ ಹೋಗುತ್ತದೋ ಇಲ್ಲವೋ ನಾನು ನೋಡಿಲ್ಲ. ಅತ್ತೆಯನ್ನು ಕೇಳಿದರೆ, ಆನೆಗೂ ಮರ್ಯಾದೆ ಗೊತ್ತು, ನಿಮ್ಮ ಕೊಳ್ಳೇಗಾಲದ ಆಟೋದವರಿಗಿಂತ ವಾಸಿ ಅನ್ನುತ್ತಾಳೆ.

ಕಣ್ಣಿನ ಆಪರೇಷನ್ನಿಗೆಂದು ಅವಳನ್ನು ಕೊಳ್ಳೇಗಾಲದ ನಮ್ಮ ಮನೆಗೆ ಕರೆತಂದಿದ್ದೆ. ಎರಡು ವಾರ ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ಕೂರಬಾರದು ಎಂದಿದ್ದರು ಡಾಕ್ಟರು. ಬದುಕಿನಲ್ಲಿ ಬಗ್ಗುವುದು, ಎತ್ತುವುದು, ಒಲೆ ಊದುವುದು ಬಿಟ್ಟು ಬೇರೇನೂ ಮಾಡದವಳಿಗೆ ಇದು ಕಾರಾಗೃಹವಾಸವೇ. ದಿನಾ ಸಂಜೆ ನಾನು ಟೀವಿ ಹಚ್ಚಿದರೆ, ಆ ಡಬ್ಬಿಯೊಳಗೆ ಮನುಷ್ಯರು ಜೀರುಂಡೆಯ ಹಾಗೆ ಕಾಣುತ್ತಾರೆ ಎಂದು ಮುಖ ತಿರುಗಿಸುತ್ತಿದ್ದಳು. ಕಣ್ಣಿನ ಪಟ್ಟಿ ಪೂರ್ತಿ ಬಿಚ್ಚಿ ಹತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಹೇಳಿದಳು: ‘ಹೊಸ ಕಣ್ಣು ತಕಂಡಿವ್ನಿ ಕೂಸು. ದೊಡ್ಡದಾಗಿ ಏನಾರ ನೋಡ್ಬೇಕು.’

ದೊಡ್ಡದು ಅಂದರೆ ಅವಳಿಗೆ ಸಿನಿಮಾ. ನಾನು ಚಿಕ್ಕವಳಿದ್ದಾಗ ನನ್ನನ್ನು ಮೊದಲ ಸಲ ಟೆಂಟಿಗೆ ಕರೆದುಕೊಂಡು ಹೋದವಳು ಅವಳೇ. ಹುರಿದ ಕಡಲೆಕಾಯಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಮರಳನ್ನು ಗುಡ್ಡೆ ಮಾಡಿ ನನ್ನನ್ನು ಅದರ ಮೇಲೆ ಕೂರಿಸಿ, ಪರದೆಯ ಮೇಲೆ ಯಾರು ಅತ್ತರೂ ತಾನೂ ಅಳುತ್ತಿದ್ದಳು. ವಿಲನ್ನು ಸತ್ತಾಗಲೂ ಅಳುತ್ತಿದ್ದಳು. ಅವನ ಅವ್ವನಿಗೆ ಎಷ್ಟು ಸಂಕಟವಾಗುತ್ತದೋ ಏನೋ ಎಂಬುದು ಅವಳ ಚಿಂತೆ. ಆಗ ಅವಳಿಗೆ ಹದಿನೆಂಟು ಹತ್ತೊಂಬತ್ತು, ನನಗೆ ಆರೋ ಏಳೋ.

ಕೊಳ್ಳೇಗಾಲದ ಟಾಕೀಸಿನಲ್ಲಿ ಆ ವಾರ ಯಾವ ಸಿನಿಮಾ ಇದೆಯೆಂದು ನಾನು ವಿಚಾರಿಸಲಿಲ್ಲ. ಮ್ಯಾಟಿನಿಗೆ ಹೋಗಿ ಕೂತೆವು. ನಮ್ಮನ್ನೂ ಸೇರಿಸಿ ಹದಿನೈದು ಜನ ಇದ್ದರೇನೋ. ಹಿಂದಿನ ಸಾಲಿನಲ್ಲೊಬ್ಬ ಫೋನಿನಲ್ಲಿ ಟೊಮೆಟೊ ಲೋಡಿನ ವಿಚಾರ ಮಾತಾಡುತ್ತಿದ್ದ. ಸಿನಿಮಾ ಶುರುವಾಯಿತು. ಒಂದು ಬಾಗಿಲು ತೋರಿಸಿದರು. ತುಂಬ ಹೊತ್ತು ತೋರಿಸಿದರು. ಆಮೇಲೆ ಒಬ್ಬಳು ಹೆಂಗಸು ಬಂದು ಆ ಬಾಗಿಲ ಮುಂದೆ ನಿಂತಳು. ಅವಳೂ ತುಂಬ ಹೊತ್ತು ನಿಂತಳು. ಅವಳು ಬಾಗಿಲು ತಳ್ಳುವಷ್ಟರಲ್ಲಿ ಹಿಂದಿನವನ ಲೋಡು ಮಾರಾಟವಾಗಿ ಹೋಗಿತ್ತು.

ಕಥೆ ನನಗೆ ತಿಳಿದಷ್ಟು ಇದು. ಆ ಹೆಂಗಸಿನ ಮನೆಯಲ್ಲಿ ಎಷ್ಟೋ ವರ್ಷಗಳ ಹಿಂದೆ ಒಂದು ಕೊಲೆ ನಡೆದಿದೆ. ಅವಳ ಸೋದರಮಾವನೇ ಕೊಂದನೆಂದು ಅವನಿಗೆ ಜೈಲಾಗಿದೆ. ಮಾಡಿದವರು ನಿಜವಾಗಿ ಯಾರು ಎಂದು ಪತ್ತೆ ಮಾಡಲು ಅವಳು ಹಳೆಯ ಮನೆಗೆ ಬಂದಿದ್ದಾಳೆ. ಪತ್ತೆ ಮಾಡುವುದೆಂದರೆ ಓಡುವುದು, ಗುಂಡು ಹಾರಿಸುವುದು ಏನೂ ಇಲ್ಲ; ಒಂದೊಂದೇ ಕೋಣೆಗೆ ಹೋಗುತ್ತಾಳೆ, ಒಂದು ಲೋಟ ಎತ್ತುತ್ತಾಳೆ, ಇಡುತ್ತಾಳೆ. ಕಾಪಿ ತಿದ್ದಿ ತಿದ್ದಿ ಕೂತಲ್ಲೇ ನಿದ್ದೆ ಮಾಡುವ ಅಭ್ಯಾಸವಾದ ನನಗೆ ಇದಕ್ಕಿಂತ ಒಳ್ಳೆಯ ಜೋಗುಳ ಬೇಕಿರಲಿಲ್ಲ. ಅತ್ತೆ ಮಾತ್ರ ಕಪ್ಪು ಕನ್ನಡಕದೊಳಗಿನಿಂದ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಅವಳಿಗೆ ಆ ನಿಧಾನ ನಿಧಾನವೇ ಅಲ್ಲ. ಹೂಗ್ಯದಲ್ಲಿ ಬಸ್ಸಿಗೆ ಕಾಯುವುದು ಇದಕ್ಕಿಂತ ನಿಧಾನ. ಇಂಟರ್ವಲ್ಲಿನಲ್ಲಿ ನನ್ನನ್ನು ಎಬ್ಬಿಸಿ, ಅಲ್ಲಿಯವರೆಗಿನ ಕಥೆಯನ್ನು ಅಚ್ಚುಕಟ್ಟಾಗಿ ಹೇಳಿ, ಕೊಲೆ ಮಾಡಿದ್ದು ಎಲ್ಲರಿಗೂ ಕಾಫಿ ಕೊಡುತ್ತಿದ್ದಾಳಲ್ಲ ಆ ಚಿಕ್ಕಮ್ಮ ಎಂದಳು. ಹೇಗೆ ಗೊತ್ತು ಅಂದೆ. ಅವಳೊಬ್ಬಳು ಮಾತ್ರ ಜೈಲಿಗೆ ಹೋದವನ ಫೋಟೋ ಕಡೆ ನೋಡುವುದಿಲ್ಲ, ಅದಕ್ಕೆ ಎಂದಳು.

ಕೊನೆಯಲ್ಲಿ ನನಗೆ ಎಚ್ಚರವಿತ್ತು. ಅತ್ತೆ ಹೇಳಿದ್ದೇ ನಿಜವಾಯಿತು. ಜೈಲಿನಿಂದ ಬಂದ ಮುದುಕ ಆ ಚಿಕ್ಕಮ್ಮನ ಎದುರು ಕುರ್ಚಿಯಲ್ಲಿ ಕೂತು, ಬೈಯದೆ, ಹೊಡೆಯದೆ, ಸುಮ್ಮನೆ ಅವಳನ್ನು ನೋಡುತ್ತಾನೆ. ಅದನ್ನೂ ತುಂಬ ಹೊತ್ತು ತೋರಿಸಿದರು. ನಾನು ಪರ್ಸು ಹುಡುಕಿಕೊಳ್ಳುತ್ತ ಪಕ್ಕಕ್ಕೆ ತಿರುಗಿದರೆ, ಗೌರತ್ತೆ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಟೆಂಟಿನ ಅಳು ಅಲ್ಲ, ಸದ್ದಿಲ್ಲದ ಅಳು. ಕಣ್ಣಿಗೆ ಕೈ ಹಾಕಬಾರದು, ಅಳಬಾರದು ಅಂತ ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ಇಲ್ಲಿ ನಮ್ಮ ಮನೆಯ ಅಪರಾಧದ ವಿಚಾರ ಹೇಳಿಬಿಡಬೇಕು. ಕೊಲೆ ಗಿಲೆ ಅಲ್ಲ, ಹೆದರಬೇಡಿ. ನಮ್ಮದು ಕಾಗದ ಬರೆದ ಅಪರಾಧ.

ಆಗ ಊರಿನ ಮನೆಯಲ್ಲಿ ತಾತ, ಅಜ್ಜಿ, ಅಪ್ಪ, ಅಮ್ಮ, ಅಪ್ಪನ ತಮ್ಮ ನಂಜುಂಡ ಚಿಕ್ಕಪ್ಪ, ಗೌರತ್ತೆ ಮತ್ತು ನಾನು. ಇವರಿಗಿಂತ ಹೆಚ್ಚಿನ ಜಾಗ ಹಿಡಿದಿದ್ದವು ರೇಷ್ಮೆ ಹುಳುಗಳು. ನಡುಮನೆಯ ತುಂಬ ಹುಳುವಿನ ತಟ್ಟೆಗಳು. ಜ್ವರ ಬಂದು ಮಲಗಿದರೆ ನನ್ನನ್ನು ಯಾರೂ ವಿಚಾರಿಸುತ್ತಿರಲಿಲ್ಲ, ಹುಳು ಸೊಪ್ಪು ತಿನ್ನದಿದ್ದರೆ ಇಡೀ ಮನೆ ಊಟ ಬಿಡುತ್ತಿತ್ತು. ನಂಜುಂಡ ಚಿಕ್ಕಪ್ಪ ಮಾತ್ರ ಬೇರೆ ಥರ. ಸೈಕಲ್ಲು ಬಿಚ್ಚುವುದು, ಜೋಡಿಸುವುದು ಅವನ ಖುಷಿ. ಅವನ ಹತ್ತಿರ ಒಂದು ಇಂಕ್ ಪೆನ್ನಿತ್ತು, ಅದಕ್ಕೆ ಹಸಿರು ಇಂಕು ಹಾಕುತ್ತಿದ್ದ. ಹೆಡ್‌ಮಾಸ್ತರರನ್ನು ಬಿಟ್ಟರೆ ಊರಿನಲ್ಲಿ ಹಸಿರು ಇಂಕಿನಲ್ಲಿ ಬರೆಯುತ್ತಿದ್ದವನು ಅವನೊಬ್ಬನೇ. ಯಾರ ಮನೆಯ ಕಾಗದಕ್ಕೆ ವಿಳಾಸ ಬರೆಯಬೇಕಾದರೂ ಅವನನ್ನು ಕರೆಯುತ್ತಿದ್ದರು. ಅವನೋ, ಊರಿನ ಹೆಸರು ಬರೆದು ಕೆಳಗೆ ಒಂದು ಬಳ್ಳಿ ಎಳೆಯುತ್ತಿದ್ದ.

ಗೌರತ್ತೆಗೆ ಮೈಸೂರಿನ ಕಡೆಯಿಂದ ಒಂದು ಗಂಡು ಬಂತು. ಸರ್ಕಾರಿ ಕೆಲಸ, ಇಸ್ತ್ರಿ ಮಾಡಿದ ಪ್ಯಾಂಟು. ನೋಡಿ ಒಪ್ಪಿಕೊಂಡು ಹೋದರು. ನನಗೆ ಆ ದಿನದ ನೆನಪೆಂದರೆ ಅಟ್ಟದ ಏಣಿಯ ಕೆಳಗೆ ಕೂತು ತಿಂದ ಕೇಸರಿಬಾತು. ಹೆಣ್ಣಿನ ಜೊತೆಗೆ ಹಿಪ್ಪುನೇರಳೆ ತೋಟದಲ್ಲಿ ಅರ್ಧ ಎಕರೆ ಕೊಡಬೇಕೆಂದು ಅವರು ಕೇಳಿದ್ದರಂತೆ, ಅಪ್ಪ ಬೇಡವೆಂದಿದ್ದನಂತೆ, ತಾತ ಹೂಂ ಅಂದುಬಿಟ್ಟಿದ್ದನಂತೆ. ಇದೆಲ್ಲ ಆಮೇಲೆ ತಿಳಿದದ್ದು. ಲಗ್ನ ಕಟ್ಟಿಸುವ ಮೊದಲೇ ಗಂಡಿನ ಕಡೆಯ ಹಿರಿಯರೊಬ್ಬರು ಬಂದು, ಜಗುಲಿಯ ಮೇಲೆ ಒಂದು ಕಾಗದ ಎಸೆದು, ನೀರೂ ಕುಡಿಯದೆ ಹೊರಟುಹೋದರು. ಹುಡುಗಿಗೆ ಮೂರ್ಛೆ ಬರುತ್ತದೆ, ಮನೆಯವರು ಮುಚ್ಚಿಟ್ಟಿದ್ದಾರೆ ಎಂದು ಯಾರೋ ಹೆಸರು ಹಾಕದೆ ಬರೆದ ಕಾಗದ. ಇಂಕು ಹಸಿರು.

ತಾತನಿಗೆ ಓದಲು ಬರುತ್ತಿರಲಿಲ್ಲ. ಚಿಕ್ಕಪ್ಪನೂ ಅಲ್ಲೇ ಇದ್ದ, ಅಪ್ಪ ಓದಿ ಹೇಳಿದ. ತಾತ ಚಿಕ್ಕಪ್ಪನನ್ನು ಹತ್ತಿರ ಕರೆದು ಪೆನ್ನು ನಿನ್ನದಾ ಎಂದು ಕೇಳಿದ. ಪೆನ್ನು ನನ್ನದು, ಬರೆದದ್ದು ನಾನಲ್ಲ ಎಂದ ಚಿಕ್ಕಪ್ಪ. ತಾತ ಎಲ್ಲರ ಎದುರಿಗೆ ಅವನ ಕೆನ್ನೆಗೆ ಹೊಡೆದ. ಹುಳು ಕೂಡ ಸೊಪ್ಪು ತಿನ್ನುವುದನ್ನು ನಿಲ್ಲಿಸಿದ ಹಾಗಿತ್ತು ಆ ಮೌನ, ಇಷ್ಟು ಮಾತ್ರ ನನಗೆ ನೆನಪಿದೆ. ಕಾಗದ ಒಲೆಗೆ ಹೋಯಿತು. ಚಿಕ್ಕಪ್ಪ ತನ್ನ ಸೈಕಲ್ಲು ಹತ್ತಿ ಹೋದವನು ಹನೂರಿನಲ್ಲಿ ಸೈಕಲ್ ಶಾಪಿನಲ್ಲಿ ಸೇರಿಕೊಂಡ, ಆಮೇಲೆ ತಾನೇ ಶಾಪು ಇಟ್ಟ, ಅಲ್ಲೇ ಮದುವೆಯಾದ. ತಿರುಗಿ ಮನೆಗೆ ಬರಲಿಲ್ಲ. ಸ್ವಂತ ತಂಗಿಯ ಮದುವೆಗೆ ಕಲ್ಲು ಹಾಕಿದವನು ಎಂದು ನಮ್ಮ ಮನೆಯಲ್ಲಿ ಅವನ ಹೆಸರೆತ್ತುತ್ತಿರಲಿಲ್ಲ. ನಾನೂ ಹಾಗೇ ಬೆಳೆದೆ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿರಿ, ಪ್ರಶ್ನೆ ಕೇಳದವರು ಕಲಿಯುವುದಿಲ್ಲ ಎಂದು ಬೋಧಿಸಿದ ಟೀಚರು ತನ್ನ ಮನೆಯ ಈ ಕಥೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಅಪ್ಪ ತೀರಿಕೊಂಡಾಗ ಚಿಕ್ಕಪ್ಪ ಬಂದಿದ್ದ. ಹೊಲದ ಹುಣಸೆಮರದ ಹತ್ತಿರ ದೂರವಾಗಿ ನಿಂತಿದ್ದು, ಎಲ್ಲರೂ ಮಣ್ಣು ಹಾಕಿದ ಮೇಲೆ ಒಂದು ಹಿಡಿ ಹಾಕಿ, ಯಾರ ಮುಖವನ್ನೂ ನೋಡದೆ ಹೋದ. ಸತ್ತ ಅಣ್ಣನ ಮೇಲೂ ಇಷ್ಟು ಗರ್ವವೇ ಎಂದು ನನಗೆ ಸಿಟ್ಟು ಬಂದಿತ್ತು. ಅಪ್ಪನೂ ಕೊನೆಯ ದಿನಗಳಲ್ಲಿ ಒಮ್ಮೆ, ನಂಜುಂಡ ಹಾಗೆ ಮಾಡಬಾರದಾಗಿತ್ತು ಅಂದಿದ್ದ.

ಈಗ ಸಿನಿಮಾಕ್ಕೆ ಬರೋಣ. ಟಾಕೀಸಿನಿಂದ ಹೊರಗೆ ಬಂದು ಹತ್ತಿರದ ಹೋಟೆಲಿನಲ್ಲಿ ಕೂತೆವು. ದೋಸೆ ಬಂದರೂ ಅತ್ತೆ ಮುಟ್ಟಲಿಲ್ಲ. ನಾನು ಅವಳ ಮನಸ್ಸು ತಿರುಗಿಸಲು, ಆ ಸಿನಿಮಾದವರು ಬಾಗಿಲು ತೋರಿಸುವುದನ್ನು ಕಮ್ಮಿ ಮಾಡಿದ್ದರೆ ಒಂದು ಗಂಟೆ ಉಳಿಯುತ್ತಿತ್ತು ಎಂದೆಲ್ಲ ಹರಟುತ್ತಿದ್ದೆ. ಅವಳು ಚಟ್ನಿಯ ಬಟ್ಟಲನ್ನು ಅತ್ತ ಸರಿಸಿದಳು.

‘ಕೂಸು, ಆ ಕಾಗ್ದ ಬರ್ದೋಳು ನಾನೇ ಕಣವ್ವ.’

ಯಾವ ಕಾಗದ ಎಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಇರುವುದೇ ಒಂದು ಕಾಗದ.

ಆಮೇಲೆ ಅವಳು ಹೇಳಿದ್ದು ಇದು. ಗಂಡಿನ ಕಡೆಯವರು ಬಂದ ದಿನ ಅವಳು ಹಿತ್ತಲ ಬಾಗಿಲ ಸಂದಿಯಿಂದ ಗಂಡನ್ನು ನೋಡಲು ನಿಂತಿದ್ದಳು. ಹೆಣ್ಣುಮಕ್ಕಳಿಗೆ ಎದುರಿಗೆ ತಲೆಯೆತ್ತಿ ನೋಡುವ ಹಾಗಿರಲಿಲ್ಲ, ಸಂದಿಯೇ ಗತಿ. ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಬಂದ. ಜೊತೆಗೆ ಬಂದಿದ್ದ ಅವನ ತಂಗಿ ಚೊಂಬಿನಿಂದ ನೀರು ಹಾಕುತ್ತಿದ್ದಳು. ನೀರು ಅವನ ಪ್ಯಾಂಟಿನ ಮೇಲೆ ಸಿಡಿಯಿತು. ಅವನು ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಂಗಿಯ ಕೆನ್ನೆಗೆ ಬಾರಿಸಿದ.

‘ನನ್ ವಾರ್ಗೆಯೋಳು ಆ ಹುಡ್ಗಿ. ಅವ್ಳು ಅಳ್ನಿಲ್ಲ ಕೂಸು. ಬೆಚ್ಚೂ ಬೀಳ್ನಿಲ್ಲ. ಚೊಂಬ ಇನ್ನೊಂದ್ಸಲ ತುಂಬ್ಕಂಡು ಉಯ್ದ್ಲು. ಅದ್ನ ನೋಡ್ಬುಟ್ಟು ನಂಗೆ ಜೀವ ಬಾಯ್ಗೆ ಬಂತು.’

ಗಂಡು ಒರೆಸಿಕೊಂಡು ನಗುತ್ತ ಒಳಗೆ ಹೋಗಿ ಉಪ್ಪಿಟ್ಟು ತಿಂದ. ಅತ್ತೆ ಅಜ್ಜಿಯ ಹತ್ತಿರ ಹೇಳಿದಳು. ಅಜ್ಜಿ, ಗಂಡಸರು ಅಂದ ಮೇಲೆ ಒಂದೊಂದು ಸಲ ಕೈ ಎತ್ತುತ್ತಾರೆ, ಇದನ್ನೆಲ್ಲ ನಿಮ್ಮಪ್ಪನ ಹತ್ತಿರ ಹೇಳಿ ಮನೆಯ ಮರ್ಯಾದೆ ಕಳೆಯಬೇಡ ಎಂದಳು. ಆಗ ಅತ್ತೆಗೆ ತೋಚಿದ್ದು ಕಾಗದ. ಗೂಟಕ್ಕೆ ನೇತುಹಾಕಿದ್ದ ಅಂಗಿಯಲ್ಲಿ ಚಿಕ್ಕಪ್ಪನ ಪೆನ್ನಿತ್ತು. ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದಳು. ತನ್ನ ಮೇಲೆ ತಾನೇ ಇಲ್ಲದ ರೋಗ ಹೊರಿಸಿಕೊಂಡು ಬರೆದಳು. ಅಕ್ಷರ ಯೋಚಿಸಿದವಳು ಇಂಕು ಯೋಚಿಸಲಿಲ್ಲ.

ತಾತ ಚಿಕ್ಕಪ್ಪನಿಗೆ ಹೊಡೆದಾಗ ಅವಳು ಬಾಗಿಲ ಹಿಂದಿದ್ದಳು. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಅವನು ಮನೆಯಲ್ಲಿರಲಿಲ್ಲ. ಆಮೇಲೆ ಹೂಗ್ಯದ ಗಂಡು ಬಂತು. ಮಾವನನ್ನು ನಾನು ಬಲ್ಲೆ. ಹಸುವಿಗೆ ಕೂಡ ಗದರದ ಮನುಷ್ಯ, ಹೆಂಡತಿ ನಗುವುದನ್ನು ನೋಡಲು ಬೇಕೆಂದೇ ಲುಂಗಿ ತಿರುಗಿಸಿ ಕಟ್ಟಿಕೊಳ್ಳುತ್ತಿದ್ದವನು. ಬದುಕು ಚೆನ್ನಾಗಿ ಆದಷ್ಟೂ ತಪ್ಪು ದೊಡ್ಡದಾಗುತ್ತ ಹೋಯಿತು ಅಂದಳು ಅತ್ತೆ. ಹೂಗ್ಯದಿಂದ ಎಲ್ಲಿಗೆ ಹೋಗಬೇಕಾದರೂ ಹನೂರು ದಾಟಬೇಕು. ಬಸ್ಸು ಅಲ್ಲಿ ನಿಂತಾಗಲೆಲ್ಲ ಅಣ್ಣನ ಅಂಗಡಿ ಕಾಣುವ ಕಡೆಯ ಕಿಟಕಿಯಲ್ಲೇ ಕೂರುತ್ತಿದ್ದಳಂತೆ. ಕೂದಲು ನರೆತದ್ದು, ಬೆನ್ನು ಬಗ್ಗಿದ್ದು, ಸೈಕಲ್ಲು ಹೋಗಿ ಮೋಟರ್ ಬೈಕಿನ ಪಂಕ್ಚರು ಬಂದದ್ದು, ಎಲ್ಲವನ್ನೂ ಐವತ್ತು ವರ್ಷ ಬಸ್ಸಿನ ಕಿಟಕಿಯಿಂದಲೇ ನೋಡಿದ್ದಾಳೆ. ಇಳಿದಿಲ್ಲ.

ನಾಳೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಅಂದಳು. ನಾನು ಧೈರ್ಯವಂತಳಲ್ಲ, ಸ್ಕೂಲಿನಲ್ಲಿ ಜಗಳವಾದರೆ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದವಳು. ಈ ವಯಸ್ಸಿನಲ್ಲಿ ಅವನಿಗೆ ನೋವು ಕೊಡುವುದೇಕೆ, ಅಪ್ಪನೂ ಇಲ್ಲ, ತಾತನೂ ಇಲ್ಲ, ಹೋಗಲಿ ಬಿಡು ಎಂದೆ. ನಿನ್ನ ಕಣ್ಣು ಪೂರ್ತಿ ವಾಸಿಯಾಗಲಿ ಎಂದೂ ಸೇರಿಸಿದೆ. ಅವಳು ತಣ್ಣಗಾದ ದೋಸೆಯನ್ನು ಮುರಿಯುತ್ತ, ‘ಆ ಸಿನಿಮಾದ ಚಿಕ್ಕಮ್ಮ ಸುಮ್ಕಿದ್ದು ಸುಮ್ಕಿದ್ದು ಎಂಗಾದ್ಲು ನೋಡ್ದಲ್ಲ’ ಎಂದಳು, ಅಷ್ಟೇ.

ಮಾರನೆಯ ಬೆಳಿಗ್ಗೆ ಹನೂರಿನ ಮೇಲೆ ಹೋಗುವ ಮಾದಪ್ಪನ ಬೆಟ್ಟದ ಬಸ್ಸು ಹತ್ತಿದೆವು. ಅಮಾವಾಸ್ಯೆ ಹತ್ತಿರವಿದ್ದದ್ದರಿಂದ ಬಸ್ಸಿನ ತುಂಬ ಮಾದಪ್ಪನ ಭಕ್ತರು. ರಸ್ತೆಯಲ್ಲಿ ನಡೆದುಕೊಂಡು ಹೋಗುವವರೂ ಇದ್ದರು. ಹನೂರಿನಲ್ಲಿ ಇಳಿದಾಗ ನಾನೇ ಗೌರತ್ತೆಯ ಕೈ ಹಿಡಿದುಕೊಂಡೆ. ಅವಳಿಗೆ ಆಸರೆಗೆಂದು ಹಿಡಿದೆನೆಂದು ಬರೆಯಬಹುದು. ಆಸರೆ ಬೇಕಾಗಿದ್ದದ್ದು ನನಗೆ.

ಚಿಕ್ಕಪ್ಪ ಅಂಗಡಿಯ ಮುಂದೆ ಮೋಟು ಸ್ಟೂಲಿನ ಮೇಲೆ ಕೂತು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ತಲೆಯೆತ್ತಿದ. ತಂಗಿಯನ್ನು ಗುರುತು ಹಿಡಿದದ್ದು ಅವನ ಕೈ ನಿಂತದ್ದರಲ್ಲಿ ಗೊತ್ತಾಯಿತು. ಎದ್ದು, ಒಳಗಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತಂದು, ಹೆಗಲ ಮೇಲಿನ ಟವಲಿನಿಂದ ಒರೆಸಿ ಹಾಕಿದ. ಅತ್ತೆ ಕೂರಲಿಲ್ಲ.

‘ಚಿಕ್ಕಣ್ಣ, ಆ ಕಾಗ್ದ ಬರ್ದೋಳು ನಾನು. ನಿನ್ ಪೆನ್ನ ತಕಂಡು ಬರ್ದೆ. ನಿನ್ಗೆ ಒಡ್ದಾಗ ಬಾಗ್ಲಿಂದೆ ನಿಂತಿದ್ದೆ.’

ಅವಳು ನಿಂತೇ ಎಲ್ಲವನ್ನೂ ಹೇಳಿದಳು, ಹಿತ್ತಲು, ಚೊಂಬು, ಕೆನ್ನೆಯ ಏಟು, ಎಡಗೈ, ಎಲ್ಲ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಪಂಕ್ಚರಿಗೆ ಬೈಕು ಕೊಟ್ಟಿದ್ದ ಗಿರಾಕಿ ಒಮ್ಮೆ ಇಣುಕಿ ನೋಡಿ, ಏನನ್ನಿಸಿತೋ, ಟೀ ಅಂಗಡಿಯ ಕಡೆ ಹೋದ. ಚಿಕ್ಕಪ್ಪ ತಂಗಿಯನ್ನು ನೋಡಲಿಲ್ಲ, ಬಾಣಲೆಯ ನೀರನ್ನೇ ನೋಡುತ್ತಿದ್ದ. ಅವನು ಬೈಯುತ್ತಾನೆ, ಅಂಗಡಿಯಿಂದ ಇಳಿಯಿರಿ ಅನ್ನುತ್ತಾನೆ ಎಂದು ನಾನು ಕಾಯುತ್ತಿದ್ದೆ. ಕೊನೆಗೆ ಅವನು ಕೇಳಿದ್ದು ಬೇರೆಯೇ.

‘ಎಡಗೈಲಿ ಬರ್ದಾ?’

ಅತ್ತೆ ತಲೆಯಾಡಿಸಿದಳು.

‘ಅದ್ಕೇ ಅಣ್ಣ ಓದಕ್ಕೆ ಅಂಗೆ ತಡವರಿಸ್ದ.’ ಅವನ ದನಿ ಇಳಿದುಹೋಗಿತ್ತು. ‘ಪೇಪರ ನೀರ್ ಕುಡ್ದಂಗೆ ಓದೋನು. ಅವತ್ತು ಒಂದೊಂದ್ ಅಕ್ಷರಕ್ಕೂ ನಿಲ್ತಿದ್ದ. ಅರ್ಧ ಎಕ್ರೆ ಓಯ್ತದೆ ಅಂತ ಇವ್ನೇ ಬರ್ದವ್ನೆ, ನನ್ ಮ್ಯಾಲ್ ಆಕವ್ನೆ, ಅದ್ಕೇ ನಾಲ್ಗೆ ಏಳ್ತಿಲ್ಲ ಅನ್ಕಂಡೆ. ಐವತ್ ವರ್ಸ ಅಂಗೇ ಅನ್ಕಂಡಿದ್ದೆ ಕಣಮ್ಮಿ.’

ನನಗೆ ಕುರ್ಚಿಯ ಅಗತ್ಯ ಬಂತು. ಕೂತೆ. ಅಪ್ಪನ ಸಮಾಧಿಯಿಂದ ದೂರ ನಿಂತಿದ್ದ ಈ ಮನುಷ್ಯನ ಮೇಲೆ ನಾನು ಇಷ್ಟು ವರ್ಷ ಸಿಟ್ಟು ಸಾಕಿಕೊಂಡು ಬಂದಿದ್ದೆ. ಅವನಿಗಿದ್ದದ್ದು ಗರ್ವವಲ್ಲ, ಅಣ್ಣ ತನಗೆ ಮೋಸ ಮಾಡಿದನೆಂಬ ಸಂಕಟ. ಆ ಸಂಕಟ ಇಟ್ಟುಕೊಂಡೂ ಮಣ್ಣು ಹಾಕಲು ಬಂದಿದ್ದ. ಅಪ್ಪನೂ ನಿಮ್ಮ ಮೇಲೆ ಅನುಮಾನ ಇಟ್ಟುಕೊಂಡೇ ಹೋದ, ಚಿಕ್ಕಪ್ಪ, ಎಂದೆ ನಾನು. ಬುದ್ಧಿ ತಿಳಿದ ಮೇಲೆ ಅವನನ್ನು ಚಿಕ್ಕಪ್ಪ ಎಂದು ಕರೆದದ್ದು ಅದೇ ಮೊದಲು. ಅವನು ನನ್ನ ಕಡೆ ತಿರುಗಿ, ನೀನು ಅಣ್ಣನ ಮಗಳಲ್ಲವಾ, ಕೇಸರಿಬಾತು ಅಂದರೆ ಪ್ರಾಣ ಬಿಡುತ್ತಿದ್ದವಳು ಎಂದ. ನನ್ನ ಬಗ್ಗೆ ಲೋಕದಲ್ಲಿ ಉಳಿದಿರುವ ಹೆಗ್ಗುರುತು ಅದು.

ಆಮೇಲೆ ಎದ್ದು ಅಂಗಡಿಯ ಒಳಗೆ ಹೋದ. ಷಟರು ಅರ್ಧ ಇಳಿದ ಸದ್ದಾಯಿತು. ಮುಗಿಯಿತು, ನಮ್ಮ ಮುಖಕ್ಕೆ ಬಾಗಿಲು ಹಾಕಿದ ಎಂದುಕೊಂಡೆ. ಅತ್ತೆ ಅಲ್ಲಾಡದೆ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಅವನು ಬಗ್ಗಿ ಹೊರಗೆ ಬಂದ. ಕೈಯ ಗ್ರೀಸು ತೊಳೆದುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹಣೆಗೆ ವಿಭೂತಿ ಇಟ್ಟುಕೊಂಡಿದ್ದ. ಷಟರನ್ನು ಪೂರ್ತಿ ಎಳೆದು ಬೀಗ ಹಾಕಿ, ಬೈಕಿನವನಿಗೆ ಸಂಜೆ ಬಾ ಎಂದು ಕೂಗಿ ಹೇಳಿ, ನನ್ನನ್ನು ಕೇಳಿದ: ‘ಯಳಂದೂರ್ಗೆ ಈಗ ಬಸ್ಸಿದ್ದದಾ?’

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ, ಯಳಂದೂರಿನಲ್ಲಿ ಇಳಿದು, ಊರಿಗೆ ಆಟೋದಲ್ಲಿ ಹೋದೆವು. ಇಡೀ ದಾರಿ ಅಣ್ಣ ತಂಗಿ ಒಂದೇ ಸೀಟಿನಲ್ಲಿ ಕೂತಿದ್ದರು, ನಡುವೆ ನನ್ನ ಕೈಚೀಲ ಇತ್ತು. ಕಂಡಕ್ಟರ್ ಬಂದಾಗ ಇಬ್ಬರೂ ಒಟ್ಟಿಗೆ ಎಲ್ಲರ ಟಿಕೇಟೂ ತಮ್ಮದೇ ಎಂದರು, ಅಷ್ಟೇ. ನಾನು ಹಿಂದಿನ ಸೀಟಿನಲ್ಲಿ ಕೂತು, ನಿನ್ನೆಯ ಸಿನಿಮಾದವರು ಇದನ್ನು ತೆಗೆದಿದ್ದರೆ ಈ ಎರಡು ತಲೆಗಳ ಹಿಂಭಾಗವನ್ನೇ ಅರ್ಧ ಗಂಟೆ ತೋರಿಸುತ್ತಿದ್ದರು, ನನಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ ಎಂದುಕೊಂಡೆ.

ಅಪ್ಪನ ಸಮಾಧಿ ಇರುವುದು ನಮ್ಮ ಹೊಲದಲ್ಲೇ. ಚಿಕ್ಕಪ್ಪ ಬದುವಿನ ಮೇಲೆ ಚಪ್ಪಲಿ ಬಿಟ್ಟು ಹೋಗಿ ಎದುರಿಗೆ ನಿಂತ. ಕೈ ಮುಗಿಯಬೇಕೋ ಬೇಡವೋ ತಿಳಿಯದವನ ಹಾಗೆ ಅಂಗಿಯ ತುದಿಯನ್ನು ಹಿಡಿದುಕೊಂಡಿದ್ದ. ನಾನೂ ಅತ್ತೆಯೂ ಹಿಂದೆ ಉಳಿದೆವು. ಆದರೂ ಕೇಳಿಸಿತು.

‘ಅಣ್ಣ, ನಾನು ನಂಜುಂಡ. ನೀನಲ್ವಂತೆ ಕಣಣ್ಣ. ಗೌರಿಯಂತೆ.’ ಅಂಗಿಯ ತುದಿ ಬಿಟ್ಟು ಕೈ ಮುಗಿದ. ‘ನಾನೂ ಕೇಳ್ನಿಲ್ಲ. ನೀನೂ ಕೇಳ್ನಿಲ್ಲ.’

ಅಲ್ಲಿಯೇ ಮಣ್ಣಿನ ಮೇಲೆ ಕೂತ. ಎಷ್ಟು ಹೊತ್ತು ಕೂತನೋ. ಅತ್ತೆ ಹೋಗಿ ಪಕ್ಕದಲ್ಲಿ ಕೂತಳು. ನಾನು ಹೋಗಲಿಲ್ಲ. ನನ್ನ ಅಪ್ಪನೇ ಆದರೂ, ಆ ಹೊತ್ತಿಗೆ ಅವನು ಅವರಿಬ್ಬರ ಅಣ್ಣ.

ತಿರುಗಿ ಬರುವಾಗ ಚಿಕ್ಕಪ್ಪ ಬೈಯಲು ಶುರುಮಾಡಿದ. ಬದುವಿನ ಮೇಲೆ ಮುಂದೆ ಅವನು, ಹಿಂದೆ ಅತ್ತೆ, ಅವರ ಹಿಂದೆ ನಾನು. ಕಾಗದದ ವಿಚಾರ ಎತ್ತಲೇ ಇಲ್ಲ. ಉಳಿದೆಲ್ಲಕ್ಕೂ ಬೈದ. ಗಂಡ ಸತ್ತಾಗ ಹೇಳಿಕಳಿಸಲಿಲ್ಲ ಯಾಕೆ, ಸುದ್ದಿಯನ್ನು ಬೇರೆಯವರ ಬಾಯಲ್ಲಿ ಕೇಳಬೇಕಾಯಿತು. ಮಕ್ಕಳ ಮದುವೆಗೆ ಕರೆಯಲಿಲ್ಲ ಯಾಕೆ. ಇಷ್ಟು ಸೊರಗಿದ್ದೀಯಲ್ಲ, ಹೂಗ್ಯದಲ್ಲಿ ರಾಗಿ ಬೆಳೆಯುವುದಿಲ್ಲವಾ. ಹನೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಇಳಿದು ಒಂದು ಲೋಟ ನೀರು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು. ಅವನೂ ಬಸ್ಸಿನ ಕಿಟಕಿಯಲ್ಲಿ ಅವಳನ್ನು ನೋಡುತ್ತಿದ್ದನೆಂದು ನನಗೆ ಆಗ ತಿಳಿಯಿತು. ಗೌರತ್ತೆ ಒಂದೊಂದಕ್ಕೂ, ‘ಊಂ ಕಣಣ್ಣ’ ಎನ್ನುತ್ತ ನಡೆಯುತ್ತಿದ್ದಳು. ಆನೆಯನ್ನು ಗದರಿಸುವ ಹೆಂಗಸು ಐವತ್ತು ವರ್ಷದ ಬೈಗುಳವನ್ನು ತಲೆ ಬಗ್ಗಿಸಿಕೊಂಡು ತೆಗೆದುಕೊಳ್ಳುತ್ತಿದ್ದಳು, ಮುಖದಲ್ಲಿ ಮಾತ್ರ ಒಂದು ಥರದ ಬೆಳಕಿತ್ತು.

ಹೊಲದ ಕೊನೆಯಲ್ಲಿ ನೀರಿನ ಕಾಲುವೆ. ಅದರ ಮೇಲೆ ಒಂದು ಕಲ್ಲುಚಪ್ಪಡಿ. ಚಿಕ್ಕಪ್ಪ ಬೈಯುವುದನ್ನು ನಿಲ್ಲಿಸಿ, ಹಿಂದಕ್ಕೆ ನೋಡದೆಯೇ ಕೈ ಚಾಚಿದ. ಅತ್ತೆ ಹಿಡಿದುಕೊಂಡಳು. ದಾಟಿಸಿದ ಮೇಲೆ ಮತ್ತೆ ಶುರುಮಾಡಿದ, ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ. ಕೈ ಮಾತ್ರ ಬಿಡಲಿಲ್ಲ.